ಶುಕ್ರವಾರದೊಳಗೆ ಒಂದು ಬೈಗುಳ

ಮಾರೇನಹಳ್ಳಿ,
ಮಂಗಳವಾರ ಸಂಜೆ

ಅಮ್ಮನಿಗೆ,

ಒಂದೇ ಮನೆಯಲ್ಲಿದ್ದುಕೊಂಡು ಪತ್ರ ಬರೆಯುತ್ತಿದ್ದೇನೆ, ಕ್ಷಮಿಸಿ. ನೀವು ಒಗ್ಗರಣೆ ಹಾಕುತ್ತಿರುವ ಸದ್ದು ಇಲ್ಲಿಗೇ ಕೇಳುತ್ತಿದೆ. ಎದ್ದು ಬಂದು ಹೇಳಬಹುದಿತ್ತು. ಬಂದೆ ಕೂಡ, ಎರಡು ಸಲ. ಎರಡು ಸಲವೂ ನೀವು "ಕಾಫಿ ಕುಡೀತೀಯಾ ಉದಯ?" ಅಂದಿರಿ, ಎರಡು ಸಲವೂ ಕುಡಿದು ವಾಪಸ್ ಬಂದೆ. ಎಂಟು ವರ್ಷ ಹಾಸ್ಟೆಲಿನಿಂದ ನಿಮಗೆ ಬಂದ ಪತ್ರಗಳೆಲ್ಲ ವಾರ್ಡನ್ ಬೋರ್ಡಿನ ಮೇಲೆ ಬರೆದದ್ದರ ಕಾಪಿ, ಅದೂ ಇಂಗ್ಲಿಷಿನಲ್ಲಿ. ನಾನೇ ಯೋಚಿಸಿ ಬರೆಯುತ್ತಿರುವುದು ಇದೇ ಮೊದಲು. ಕನ್ನಡ ಎಲ್ಲಾದರೂ ತಪ್ಪಿದ್ದರೆ ಅಡ್ಜಸ್ಟ್ ಮಾಡಿಕೊಳ್ಳಿ.

ಡಿ.ಎಡ್. ಮೊದಲ ವರ್ಷದವರನ್ನೂ ಪಾಠ ಮಾಡಲು ಶಾಲೆಗೆ ಕಳಿಸುತ್ತಾರೆಂದು ಹೇಳಿದ್ದೆನಲ್ಲ. ನನಗೆ ಸಿಕ್ಕಿರುವುದು ಕಾಮಾಕ್ಷಿಪಾಳ್ಯದ ಒಂದು ಶಾಲೆಯ ನಾಲ್ಕನೇ ಕ್ಲಾಸು, ಮೂವತ್ತೆರಡು ಮಕ್ಕಳು. ಪ್ಯಾರಾ ಬರೆಯುವುದನ್ನು ಕಲಿಸಬೇಕು. ನಾನು ಕಲಿತ ಹಾಗೆಯೇ ಕಲಿಸಿದೆ. ಬೋರ್ಡಿನ ಮೇಲೆ "ನನ್ನ ತಾಯಿಯ ಹೆಸರು ಡ್ಯಾಶ್. ಅವರು ಮುಂಜಾನೆ ಬೇಗ ಏಳುತ್ತಾರೆ. ನನ್ನ ತಾಯಿ ದೇವರ ಸಮಾನ" ಎಂದು ಬರೆದೆ. ಮೂವತ್ತೆರಡು ಮಕ್ಕಳೂ ಮುತ್ತಿನಂಥ ಅಕ್ಷರದಲ್ಲಿ ಇಳಿಸಿಕೊಂಡರು. ಒಬ್ಬನ ತಾಯಿಯ ಹೆಸರು ಡ್ಯಾಶ್ ಎಂದೇ ಇತ್ತು.

ನಮ್ಮನ್ನು ನೋಡಿಕೊಳ್ಳುವ ಮಧ್ವೇಶ್ ಸರ್ ಪುಸ್ತಕಗಳನ್ನು ತಿರುವಿ ಹಾಕಿ, "ಏನಪ್ಪಾ, ಕ್ಲಾಸಲ್ಲಿರೋರೆಲ್ಲ ಒಂದೇ ತಾಯಿ ಮಕ್ಕಳಾ?" ಅಂದರು. ಈ ಶುಕ್ರವಾರ ಹನ್ನೊಂದಕ್ಕೆ ಅವರು ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ನೋಡಿ ಮಾರ್ಕ್ಸ್ ಹಾಕುತ್ತಾರೆ. "ಇಡೀ ಅಮ್ಮನ್ನ ಬರೆಸ್ಬೇಡ. ಅಮ್ಮಂದು ಒಂದೇ ಒಂದು ವಿಷ್ಯ ಹಿಡ್ಕೋ, ಒಂದು ಪ್ಯಾರಾಗೆ ಅಷ್ಟು ಸಾಕು. ಮತ್ತೆ ನೀನೂ ಒಂದು ಬರೆದು ಓದ್ಬೇಕು" ಎಂದು ಹೇಳಿಹೋದರು.

ಹಾಗಾಗಿ ವಿಷಯ ಬದಲಿಸಿದೆ: ಅಮ್ಮನಿಗೆ ಕೋಪ ಬರುವುದು ಯಾವಾಗ?

ಅಮ್ಮಾ, ಅಲ್ಲಿಯವರೆಗೆ "ಎಷ್ಟು ಲೈನ್ ಸಾರ್?" ಎಂದು ರಾಗ ಎಳೆಯುತ್ತಿದ್ದ ಮಕ್ಕಳು ಹಾಳೆ ಸಾಲದೆ ಎದ್ದು ಬಂದರು. ಮೊದಲ ಬೆಂಚಿನ ಸೀನ ಹೀಗೆ ಬರೆದ: "ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕಿದರೆ ನಮ್ಮ ಅಮ್ಮನಿಗೆ ಕೋಪ ಬರುತ್ತೆ. ಮೊದಲು ನನ್ನನ್ನು ಬೈತಾಳೆ. ಆಮೇಲೆ ಅಪ್ಪನನ್ನು ಬೈತಾಳೆ. ಆಮೇಲೆ ಪೊರಕೆ ಹುಡುಕ್ತಾಳೆ. ಪೊರಕೆ ಎಲ್ಲಿದೆ ಅಂತ ನನಗೆ ಮಾತ್ರ ಗೊತ್ತು." ರಮ್ಯಶ್ರೀ ಎಂಬ ಹುಡುಗಿ ಎರಡೇ ಸಾಲು ಬರೆದಳು: "ಕೋಪ ಬಂದರೆ ನಮ್ಮಮ್ಮ ಮಾತಾಡಲ್ಲ. ಪಾತ್ರೆಗಳು ಮಾತಾಡುತ್ತವೆ." ಖುಷಿಗೆ ನನಗೆ ಬೆವರೇ ಬಂತು.

ಆಮೇಲೆ ಅವರೆಲ್ಲ "ಸಾರ್, ನಿಮ್ದು ಓದಿ" ಅಂದರು. ಚಾಕ್‌ಪೀಸ್ ಕೆಳಗಿಟ್ಟೆ. ನಮ್ಮಮ್ಮ ನನಗೆ ಬೈಯುವುದೇ ಇಲ್ಲ ಅಂದೆ. ಸೀನ ನನ್ನನ್ನು ಒಂದು ಥರಾ ನೋಡಿ ಕೇಳಿದ: "ಹಂಗಾದ್ರೆ ಸಾರ್, ನೀವು ಅವ್ರ ಮನೇಲಿ ಬಾಡಿಗೆಗೆ ಇದೀರಾ?"

ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಮಾಗಡಿ ರೋಡಿನ ಬಸ್ಸಿನಲ್ಲಿ ಕೂತ ಮೇಲೆ ಮಾತ್ರ ನಗು ಬರಲಿಲ್ಲ. ಜೂನ್‌ನಿಂದ ಮನೆಯಲ್ಲೇ ಇದ್ದೇನೆ. ಇನ್ನೂ ಸ್ನಾನಕ್ಕೆ ಹೋಗುವ ಮೊದಲು ನಿಮ್ಮನ್ನು ಕೇಳುತ್ತೇನೆ. ತಟ್ಟೆ ತೊಳೆದು ಕವುಚಿಡುತ್ತೇನೆ. ನೀವು ನನಗೆ ನೆಂಟರಿಗೆಂದು ಇಟ್ಟಿರುವ ಹೂವಿನ ಚಿತ್ರದ ಲೋಟದಲ್ಲೇ ಕಾಫಿ ಕೊಡುತ್ತೀರಿ. ತಂಗಿ ಮಾನಸಳಿಗೆ "ಏಯ್ ಕತ್ತೆ, ಏಳೇ ಮೇಲೆ" ಅನ್ನುತ್ತೀರಿ, ನನಗೆ "ಎದ್ದೆಯಾ ಉದಯ, ನಿದ್ದೆ ಬಂತಾ?" ಅನ್ನುತ್ತೀರಿ.

ಅದಕ್ಕೇ ಭಾನುವಾರದಿಂದ ನಿಮಗೆ ಕೋಪ ಬರಿಸಲು ಹೊರಟೆ. ಮಕ್ಕಳ ಪ್ಯಾರಾಗಳೇ ನನಗೆ ಗೈಡು. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕಿದೆ. ಬಂದು ನೋಡಿದರೆ ಅದು ತಂತಿಯ ಮೇಲಿತ್ತು, ಹಾಸಿಗೆಯ ಮೇಲೆ ಒಗೆದ ಟವೆಲ್ ಮಡಿಸಿಟ್ಟಿತ್ತು. ನಿನ್ನೆ ಮೋಟರ್ ಆಫ್ ಮಾಡದೆ ಬಿಟ್ಟೆ. ಟ್ಯಾಂಕ್ ತುಂಬಿ, ಕೆಳಗಿನ ಮನೆಯ ಚಿಕ್ಕಗಂಗಮ್ಮ ಆಂಟಿ ಒಣಹಾಕಿದ್ದ ಸಂಡಿಗೆಯೆಲ್ಲ ಮತ್ತೆ ಹಿಟ್ಟಾಯಿತು. ಅವರು ಬೈದರು. ನೀವು "ಹೋಗ್ಲಿ ಬಿಡಪ್ಪ, ನಿಂಗೆಲ್ಲಿ ಗೊತ್ತಾಗ್ಬೇಕು" ಅಂದಿರಿ. ಸಂಡಿಗೆಗಿಂತ ನನ್ನ ಪರಿಸ್ಥಿತಿಯೇ ಹೆಚ್ಚು ಕೆಟ್ಟಿತು.

ಇವತ್ತು ಬೆಳಿಗ್ಗೆ ಮಾವಿನಕಾಯಿ ಉಪ್ಪಿನಕಾಯಿ ಜಾಡಿಗೆ ಒದ್ದೆ ಸ್ಪೂನ್ ಹಾಕಿದೆ. ನೀವು ಮುಚ್ಚಳ ತೆಗೆದಿರಿ. "ಮಾನಸಾ! ಎಷ್ಟ್ ಸಲ ಬಡ್ಕೊಂಡಿದೀನೇ ನಿಂಗೆ! ಕಣ್ಣು ಫೋನ್ ಒಳಗೆ ಬಿದ್ದೋಗಿದ್ಯಾ? ವರ್ಷಕ್ಕಾಗೋ ಉಪ್ಪಿನಕಾಯಿ ಬೂಷ್ಟು ಹಿಡಿದ್ರೆ ನೀನ್ ತಿಂತೀಯಾ? ಗಂಡನ ಮನೇಲಿ ಹಿಂಗ್ ಮಾಡು, ಜಾಡಿ ಸಮೇತ ವಾಪಸ್ ಕಳಿಸ್ತಾರೆ!" ನಿಮಗೆ ಅಂಥ ದನಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಬಾಗಿಲ ಹಿಂದೆ ನಿಂತು ಒಂದಕ್ಷರ ಬಿಡದೆ ಬರೆದುಕೊಂಡೆ. ಆಮೇಲೆ ಓದಿ ನೋಡಿದೆ. ಅದು ಮಾನಸಳ ಪ್ಯಾರಾ. ನನ್ನದಲ್ಲ.

ಸ್ಪೂನ್ ಹಾಕಿದ್ದು ನಾನು, ಅಮ್ಮ. ಬೇಕೆಂದೇ ಹಾಕಿದೆ. ಅವಳು ಅಳುತ್ತಾ ಕಾಲೇಜಿಗೆ ಹೋದರೂ ನಾನು ಬಾಯಿ ಬಿಡಲಿಲ್ಲ.

ಈ ಪತ್ರವನ್ನು ರವೆ ಡಬ್ಬದ ಮೇಲೆ ಇಟ್ಟು ರೂಮಿಗೆ ಹೋಗುತ್ತೇನೆ, ಬಾಗಿಲು ಹಾಕಿಕೊಳ್ಳುವುದಿಲ್ಲ. ನಿಮ್ಮ ಗಂಟಲು ಯಾವಾಗಲೂ ಚೆನ್ನಾಗಿರಲಿ.

ನಿಮ್ಮ ಮನೆಯವನೇ ಆದ,
ಉದಯಕುಮಾರ

ನನ್ನ ಬೈಗುಳವನ್ನು ಬರೆದೇ ಕೊಡಬೇಕೆಂದಿಲ್ಲ, ಬಾಯಲ್ಲಿ ಹೇಳಿದರೂ ಸಾಕು. ದಯವಿಟ್ಟು ಬೇಗ ಉತ್ತರ ಕೊಡಿ.