ಗ್ಯಾಲರಿಯಲ್ಲಿ ಅವ್ವ

ಸಿರ್ಗಾಪುರ,
ಮಂಗಳವಾರ

ಶಾಸಕರ ಕಚೇರಿಯ ಕಾಶಿರಾಮ ಅಣ್ಣನವರಿಗೆ ಶರಣಾರ್ಥಿ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗುರುವಾರ ಹೈದರಾಬಾದಿನ ವಿಧಾನಸಭೆಯಲ್ಲಿ ನಮ್ಮ ಲಿಂಗರಾಜಣ್ಣನಿಗೆ ಶ್ರದ್ಧಾಂಜಲಿ ಸಲ್ಲಿಸುವಾಗ ಶಾಸಕರು ಓದುವ ತೆಲುಗು ಭಾಷಣದ ಪ್ರತಿ ನಮಗೆ ತಲುಪಿತು. ಅದರಲ್ಲಿ ‘ಸೇನಾ ವಾಹನದ ಬೆಂಕಿಯಲ್ಲಿ ಬೂದಿಯಾದ ವೀರ’ ಎಂಬ ಸಾಲಿದೆ. ದಯವಿಟ್ಟು ತೆಗೆಸಿ. ಗುಂಡು ತಗುಲಿತೆಂದೇ ಅವ್ವನಿಗೆ ಹೇಳಿದ್ದೇವೆ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಸುಡುವುದಿಲ್ಲ; ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಸೇನೆಯಿಂದ ಬಂದ ಅಣ್ಣನ ಪೆಟ್ಟಿಗೆ ತೆರೆಯುವಂತಿರಲಿಲ್ಲ; ಲಿಂಗ ಇಡಲು ಆಗಲೇ ಇಲ್ಲ.

“ನನ್ನ ಮಗನ ಕೈಯಾಗ ಲಿಂಗ ಇಟ್ಟೀರೋ ಇಲ್ಲೋ?” ಎಂದು ಅವ್ವ ದಿನಾ ಕೇಳುತ್ತಾಳೆ.

“ಪೆಟ್ಟಿಗಿ ಮುಚ್ಚೂದಕ್ಕ ಮೊದಲೇ ನಾನೇ ಇಟ್ಟೀನಿ, ಎಷ್ಟು ಸಲ ಹೇಳ್ಬೇಕು?” ಎಂದು ಅಪ್ಪ ಎದ್ದು ಹೊರಗೆ ಹೋಗುತ್ತಾರೆ.

ಗುರುವಾರ ಅವ್ವ ಸಭೆಯ ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂರುತ್ತಾಳೆ. ಅವಳಿಗೆ ತೆಲುಗು ಚೆನ್ನಾಗಿ ತಿಳಿಯುತ್ತದೆ. ಸಾಲು ತೆಗೆಸಿದ ಮೇಲೆ ಒಂದು ಫೋನ್ ಮಾಡಿ. ಫೋನ್ ಬರದಿದ್ದರೆ, ಹೈದರಾಬಾದ್ ತಲುಪುವ ಮೊದಲು ಬಸ್ಸಿನಲ್ಲೇ ನಾನು ಅವಳಿಗೆ ನಿಜ ಹೇಳಬೇಕಾಗುತ್ತದೆ.

ನಿಮ್ಮ ತಂಗಿಯಂಥವಳು,
ಬಸವೇಶ್ವರಿ