‘ಏಳಬೇಡ’ ಅನ್ನಲು ಬಾರದವಳು

ಮಾರ್ಚ್ 3, ಬೆಳಿಗ್ಗೆ 6.40
ವೃದ್ಧಾಶ್ರಮದ ಏಳನೇ ರೂಮಿನ ಅಜ್ಜಿಗೆ ಮೈ ಒರೆಸಿದೆ. ಸ್ಟ್ರೋಕ್ ಆದಮೇಲೆ ಆಕೆಗೆ ಉಳಿದಿರುವುದು ಹುಟ್ಟುಭಾಷೆ ಸ್ಪ್ಯಾನಿಷ್ ಒಂದೇ. ನನಗೆ ಆ್ಯಪ್ ಕಲಿಸಿದ ನಲವತ್ತು ಪದ. ತಿನ್ನು, ಕುಡಿ, ಏಳು – ಸಲೀಸು. ಬೇಡ ಅನ್ನಬೇಕಾದರೆ ಮುಂದೊಂದು ‘ನೋ’. ಅಷ್ಟೇ ತಾನೆ.

ಮಾರ್ಚ್ 5, ಮಧ್ಯಾಹ್ನ
ಅಜ್ಜಿ ಬಿದ್ದರು. ಟವೆಲ್ ತರಲು ಬಾಗಿಲವರೆಗೆ ಹೋಗಿದ್ದೆ. ಅವರು ಮಂಚದಿಂದ ಕಾಲು ಕೆಳಗಿಟ್ಟರು. ‘ನೋ... ಲೆವಾಂತಾತೆ’ ಎಂದು ಕೂಗಿದೆ. ಆಕೆಗೆ ಕೇಳಿಸಿದ್ದು ಲೆವಾಂತಾತೆ ಮಾತ್ರ – ಏಳು. ನನ್ನನ್ನೇ ನೋಡುತ್ತ ಎದ್ದರು. ಸೊಂಟದ ಮೂಳೆ ಮುರಿದಿದೆ.

ಸಂಜೆ
ಸೂಪರ್‌ವೈಸರ್ ಬಿದ್ದದ್ದರ ವರದಿ ಫಾರ್ಮ್ ಮುಂದಿಟ್ಟರು. “ಬೇಡ ಅಂದ್ರೂ ಕೇಳದೆ ಎದ್ರು ಅಂತ ಬರಿ. ನಿನ್ನ ಕೆಲಸಾನೂ ಉಳಿಯತ್ತೆ, ನಂದೂ.” ಬರೆದೆ. ಸಹಿಯನ್ನೂ ಸಲೀಸಾಗಿ ಹಾಕಿದೆ. ಥೂ.

ಮಾರ್ಚ್ 9
ಕ್ಲೀನಿಂಗಿನ ಅಕ್ಕನ ಮನೆಮಾತು ಸ್ಪ್ಯಾನಿಷ್. ಏಳಬೇಡ ಅನ್ನುವುದು ಹೇಗೆ ಎಂದು ಕೇಳಿದೆ. ಮಾಪ್ ಗೋಡೆಗೆ ಒರಗಿಸಿದಳು. “ಬರೀ ನೋ ಸೇರಿಸಿದ್ರೆ ಆಗಲ್ಲ ಕಣೇ. ಪದಾನೇ ಮೈ ಬದಲಾಯಿಸ್ಬೇಕು. ನೋ ತೆ ಲೆವಾಂತೆಸ್. ಸಬ್‌ಜಂಕ್ಟಿವ್ ಅಂತಾರೆ.”
ಇನ್ನೆಲ್ಲಿ ಬರುತ್ತೆ ಅದು?
“ಆಸೆ ಪಡೋವಾಗ. ಅನುಮಾನ ಪಡೋವಾಗ. ಇನ್ನೂ ಆಗದೇ ಇರೋದಕ್ಕೆಲ್ಲ ಅದೇ.”
ನಮ್ಮ ‘ಬರಲಿ’, ‘ಬದುಕಲಿ’ ಇದ್ದ ಹಾಗೆ. ಬೇಡವೂ ಬೇಡಿಕೆಯೂ ಒಂದೇ ಮನೆಯಲ್ಲಿ. ಒಂದು ಸ್ವರ ಬದಲು, ಪದ ಒಂದಿಷ್ಟು ಹಿಂದುಮುಂದು. ಅಷ್ಟು ತಪ್ಪಿದ್ದಕ್ಕೆ ಅಜ್ಜಿಯ ಸೊಂಟ.

ಮಾರ್ಚ್ 10, ಬಸ್ಸಿನಲ್ಲಿ
ನೋ ತೆ ವಾಯಾಸ್. ನೋ ಯೋರೆಸ್. ನೋ ತೆಂಗಾಸ್ ಮಿಯೆದೊ. ಹೋಗಬೇಡ. ಅಳಬೇಡ. ಹೆದರಬೇಡ. ನನ್ನ ಗೊಣಗಾಟಕ್ಕೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುತ್ತಿದ್ದೇನೆ.

ಮಾರ್ಚ್ 12
ಆಸ್ಪತ್ರೆಗೆ ಹೋದೆ. ಆಪರೇಷನ್ ಆಗಿದೆ, ಮೈಯೆಲ್ಲ ನಂಜೇರಿದೆ. ಹೊರಗೆ ಅಜ್ಜಿಯ ಮಗಳು. ನನ್ನ ಕೈ ಹಿಡಿದುಕೊಂಡಳು. “ಬೇಡ ಅಂದ್ರೂ ಕೇಳ್ಲಿಲ್ವಂತೆ. ಅಮ್ಮ ಮೊದಲಿಂದ್ಲೂ ಹಟಮಾರಿ. ನಿಮ್ಮದೇನೂ ತಪ್ಪಿಲ್ಲ.”
ಅಜ್ಜಿ ನಾನು ಹೇಳಿದ್ದನ್ನೇ ಮಾಡಿದರು ಅನ್ನಬೇಕಿತ್ತು. ನಾಲಿಗೆ ಏಳಲಿಲ್ಲ.

ಮಾರ್ಚ್ 13, ಮಧ್ಯಾಹ್ನ 2
ಅಜ್ಜಿ ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಹೋದರು. ಮಗಳು ಫೋನ್ ಮಾಡಿದಳು. “ನಿನ್ನೆ ಬೈದುಬಿಟ್ಟೆ ಅಮ್ಮಂಗೆ. ಹೇಳಿದ ಮಾತು ಯಾಕೆ ಕೇಳ್ಲಿಲ್ಲ ಅಂತ.”
ಆಗ ಹೇಳಿದೆ. ಏಳು ಅಂದದ್ದು ನಾನು. ಕಾಗದದಲ್ಲಿ ಬರೆದದ್ದು ಸುಳ್ಳು. ಎಲ್ಲ.
 ಫೋನ್ ಇಡಲಿಲ್ಲ. ಕೇಳಿದಳು: “ಏಳುವಾಗ ಅಮ್ಮನ ಮುಖ ಹೇಗಿತ್ತು?”
ಫೋನಿನಲ್ಲಿ ಬೇಡ ಅಂದೆ. ಸಂಜೆ ಬರುತ್ತಾಳಂತೆ, ಎದುರಿಗೆ ಕೇಳಲು.
ಅಜ್ಜಿ ನಗುತ್ತಿದ್ದರು. ಕೊನೆಗೂ ನನ್ನ ಒಂದು ಮಾತು ಅರ್ಥವಾಯಿತಲ್ಲ ಎಂದು —