ಬಣ್ಣ ಕಾಣದ ಮೂಲೆ

ಮನೆಯಿಂದ,
ಮಾರ್ಚ್ ೧೨, ಭಾನುವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ಹುಷಾರಾಗಿದ್ದೀಯ ತಾನೆ? ನಿನ್ನ ಅಕ್ಕನ ಸೊಂಟ ಹೇಗಿದೆ? ಗೋಡೆ ಹಿಡಿದು ನಡೆಯುತ್ತಾರೆ ಎಂದಿದ್ದೆ. ಈಗ ಗೋಡೆ ಬಿಟ್ಟು ನಿನ್ನನ್ನು ಹಿಡಿದಿದ್ದಾರೋ ಏನೋ. ನನ್ನ ಊಟ, ಮಾತ್ರೆ ಸರಿಯಾಗಿ ನಡೆದಿವೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಒಂದು ಮಾತಾಡಿದರೆ ನೀನು ಹತ್ತು ಆಡುತ್ತೀಯ, ಹೇಳಬೇಕಾದ್ದು ನನ್ನ ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಈ ಕಾಗದ.

ಪುಟ್ಟಿ ಬಂದಿದ್ದಾಳೆ. ಹೌದು ಕಣೇ, ಐದು ವರ್ಷದ ಮೇಲೆ ನಮ್ಮ ಮಗಳು ಮನೆಗೆ ಬಂದಿದ್ದಾಳೆ. ನೀನು ಊರಲ್ಲಿಲ್ಲ ಎಂದು ತಿಳಿದು ಹೋದ ತಿಂಗಳೇ ಒಮ್ಮೆ ಬಂದು ಹೋಗಿದ್ದಳು. ನೀನು ನೊಂದುಕೊಳ್ಳುತ್ತೀಯ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಹಳೆಯ ಪುಸ್ತಕಕ್ಕೆಂದು ತನ್ನ ಕೋಣೆಗೆ ಹೋದವಳು ಮೇಜಿನ ಮೇಲಿನ ಮೂಲೆ ನೋಡಿ ಅಲ್ಲೇ ನಿಂತುಬಿಟ್ಟಳು. ಬಲೆಗಳು, ಅವುಗಳಲ್ಲಿ ಎಳ್ಳಿಗಿಂತ ಸ್ವಲ್ಪ ದೊಡ್ಡ ಜೇಡಗಳು. ಗಡಿಯಾರ ರಿಪೇರಿಯ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ನಾನೂ ನೋಡಿದೆ. ಕಂದು ಮೈ, ಬೆನ್ನಿಗೊಂದು ಬಿಳಿ ಗೆರೆ, ಅಷ್ಟೆ. ಜೇಡಗಳ ಸಂಶೋಧನೆಯೇ ಅವಳ ಕೆಲಸವಲ್ಲವೇ; ಒಂದು ಹೆಣ್ಣು, ಒಂದು ಗಂಡು ಹಿಡಿದು ಸ್ಪಿರಿಟ್ ಸೀಸೆಗೆ ಹಾಕಿಕೊಂಡು ಹೊರಟುಹೋದಳು.

ನಿನ್ನೆ ಮತ್ತೆ ಬಂದಳು, ಬಂದವಳು ಕೂರಲೂ ಇಲ್ಲ. ತಿಳಿದವರೆಲ್ಲ ಮೈಕ್ರೋಸ್ಕೋಪಿನಲ್ಲಿ ನೋಡಿ ಒಪ್ಪಿದ್ದಾರಂತೆ: ಈ ಜಾತಿಯ ಜೇಡ ನಮ್ಮ ದೇಶದಲ್ಲಿ ಇದುವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ, ಇದೇ ಮೊದಲ ದಾಖಲೆ. ನನಗೆ ಸಂತೋಷಕ್ಕಿಂತ ಮೊದಲು ನಿನ್ನ ಭಯ ಬಂತು. ನೀನು ಹೋದಾಗಿನಿಂದ ಪೊರಕೆ ಮುಟ್ಟದವನು ನಾನು; ನಮ್ಮ ಮನೆಯ ಕಸ ಅಚ್ಚಾಗಿ ದೇಶಕ್ಕೆಲ್ಲ ಗೊತ್ತಾಗುತ್ತದೆ. "ನಿಮ್ಮಮ್ಮ ಮನೇಲಿದ್ದಿದ್ದರೆ ಇವಕ್ಕೆಲ್ಲ ಜಾಗವೇ ಇರುತ್ತಿರಲಿಲ್ಲ" ಎಂದು ಪುಟ್ಟಿಗೂ ಹೇಳಿದೆ.

ಅವಳು ಸ್ಟೂಲು ಹತ್ತಿ ಆ ಮೂಲೆಯನ್ನೇ ನೋಡುತ್ತಿದ್ದಳು. "ಇದು ಒಂದೆರಡು ತಿಂಗಳಲ್ಲಿ ಆಗಿದ್ದಲ್ಲಪ್ಪ," ಅಂದಳು. "ಒಡೆದ ಮೊಟ್ಟೆಚೀಲಗಳು ಒಂದರ ಮೇಲೊಂದು ಇವೆ. ವರ್ಷಗಟ್ಟಲೆ ಇಲ್ಲಿ ಯಾರೂ ಪೊರಕೆ ಆಡಿಸಿಲ್ಲ."

ಫ್ಯಾನಿನ ರೆಕ್ಕೆಯ ಮೇಲೂ ಧೂಳು ಉಳಿಸದವಳು ನೀನು. ಆಮೇಲೆ ನೆನಪಾಯಿತು. ಹೋದ ವರ್ಷ ಬಣ್ಣದವನು ಆ ಮೂಲೆಗೆ ಏಣಿ ಇಟ್ಟಾಗ, ಅಲ್ಲಿ ತೇವ ಇದೆ, ಬಣ್ಣ ನಿಲ್ಲುವುದಿಲ್ಲ ಎಂದು ನೀನು ಗದರಿ ಇಳಿಸಿದ್ದೆ. ಈಗ ಗೋಡೆ ಮುಟ್ಟಿ ನೋಡಿದೆ. ಸೌದೆಯ ಹಾಗೆ ಒಣಗಿದೆ. ಕೋಣೆಯೆಲ್ಲ ಹೊಸ ಬಣ್ಣ, ಮೊಳದಗಲದ ಆ ಮೂಲೆ ಮಾತ್ರ ಹಳೆಯದು.

ಐದು ವರ್ಷದ ಹಿಂದೆ, ನಿಮ್ಮಿಬ್ಬರ ಜಗಳದ ದಿನ, ಆ ಮೂಲೆಯಲ್ಲಿದ್ದದ್ದು ಒಂದೆರಡು ಮರಿಗಳು. ಮರಿಯಾಗಿದ್ದಾಗ ಜಾತಿ ಹೇಳಲಾಗುವುದಿಲ್ಲ, ದೊಡ್ಡದಾಗುವವರೆಗೆ ಬಿಡಮ್ಮ ಎಂದು ಅವಳು ಗೋಗರೆದಳು. "ಈ ಮನೇಲಿ ಒಂದೋ ನಿನ್ನ ಜೇಡ ಇರ್ಬೇಕು, ಇಲ್ಲಾ ನಾನಿರ್ಬೇಕು" ಎಂದವಳು ನೀನೇ ಅಲ್ಲವೇನೇ? ಆ ಮಾತಿಗೇ ಅಲ್ಲವೇ ಅವಳು ಪೆಟ್ಟಿಗೆ ಎತ್ತಿಕೊಂಡು ಹೋದದ್ದು? ಅವಳು ಹೋದ ಮೇಲೆ ಅವಳ ಜೇಡ ಕಾದುಕೊಂಡು ಕೂತಿದ್ದೀಯ, ನನಗೂ ಒಂದು ಮಾತು ಹೇಳದೆ. ಕೂದಲೆಳೆಯಂಥ ಸ್ಪ್ರಿಂಗು ಹುಡುಕಿ ತೆಗೆಯುವ ಈ ಕಣ್ಣಿಗೆ ಪಕ್ಕದಲ್ಲೇ ಇದ್ದವಳ ಸಂಕಟ ಕಾಣಲಿಲ್ಲ. ನಿನ್ನ ಮೇಲೆ ಕೋಪವೂ ಬರುತ್ತಿದೆ, ಅಳುವೂ ಬರುತ್ತಿದೆ. ನಿನ್ನೆಯಿಂದ ಒಂದು ಗಡಿಯಾರವನ್ನೂ ಬಿಚ್ಚಿಲ್ಲ.

ನಿನ್ನ ಅಕ್ಕನಿಗೆ ನನ್ನ ನಮಸ್ಕಾರ. ಸೊಂಟ ಬೇಗ ಗಟ್ಟಿಯಾಗಲಿ, ನನ್ನ ಸ್ವಾರ್ಥವೂ ಅದರಲ್ಲಿದೆ.

ನಿನ್ನ,
ಗಡಿಯಾರದವನು

ತಾ.ಕ.: ಮುಖ್ಯವಾದದ್ದೇ ಬಿಟ್ಟುಹೋಯಿತು. ಜೇಡಗಳನ್ನು ಇಷ್ಟು ವರ್ಷ ಕಾಪಾಡಿದವರು ಎಂದು ದಾಖಲೆಯಲ್ಲಿ ನಿನ್ನ ಹೆಸರು ಬರೆಯುತ್ತಾಳಂತೆ. ಬೇಡ ಅನ್ನುವುದಾದರೆ ಕಾಗದ, ಫೋನು ನಡೆಯುವುದಿಲ್ಲವಂತೆ, ನೀನೇ ಬಂದು ಅವಳೆದುರು ಹೇಳಬೇಕಂತೆ. ಅಲ್ಲಿಯವರೆಗೆ ಇಲ್ಲೇ ಇರುತ್ತಾಳಂತೆ, ತನ್ನ ಕೋಣೆಯಲ್ಲಿ.